ಕಣಕದ ಕೈ

ಮದುವೆ ಮನೆಯಲ್ಲಿ ಸ್ಟಾರ್ಟರ್ಸ್ ಕೌಂಟರ್ ಅನ್ನುವುದು ಈಚಿನ ಶೋಕಿ. ವಿಜಯನಗರದ ಛತ್ರದಲ್ಲಿ ಆ ಸಂಜೆಯ ರಿಸೆಪ್ಷನ್ನಿಗೆ ಅದು ಶಶಿಕಲಾಳ ಪಾಲಿಗೆ ಬಂದಿತ್ತು, ಮೊದಲ ಸಲ. ಅಡುಗೆ ಕಾಂಟ್ರಾಕ್ಟರ್ ಗುರುಬಸಪ್ಪ ಮುಲಾಜಿಲ್ಲದೆ ಹೇಳಿದ್ದರು: "ಸ್ಪ್ರಿಂಗ್ ರೋಲ್ ಚೆನ್ನಾಗಿ ಬಂದ್ರೆ ಸೀಸನ್ ಪೂರ್ತಿ ಕೌಂಟರ್ ನಿಮ್ದೇ. ಕೆಟ್ರೆ ಬೇರೆಯವ್ರನ್ನ ನೋಡ್ಕೋತೀನಿ."

ಇಷ್ಟು ಹೇಳಿಸಿಕೊಂಡೂ ಈ ಹುಡುಗಿ ಮಾಡಿದ್ದೇನು? ರೋಲ್ ಸುತ್ತಲು ತಂದಿದ್ದ ಪ್ಯಾಕೆಟ್ಟಿನ ಮೈದಾ ಹಾಳೆಗಳು ಐಸಿನಿಂದ ತೆಗೆದಾಗ ತೇವವಿದ್ದವು. ಹಪ್ಪಳ ಮಾಡುವ ಮನೆಯಲ್ಲಿ ಬೆಳೆದವಳು, ಒಂದೊಂದನ್ನೇ ಬಿಡಿಸಿ ಛತ್ರದ ತಾರಸಿಯ ಮೇಲೆ ಬಿಸಿಲಿಗೆ ಹರವಿಬಿಟ್ಟಳು! ಎಲೆಕೋಸು, ಕ್ಯಾರೆಟ್ ಬಾಡಿಸಿಟ್ಟು ಹೋಗಿ ನೋಡಿದರೆ ಹಾಳೆಗಳು ಗರಿಗರಿ. ಮಡಚಿದರೆ ಪುಡಿ. ಶಶಿಕಲಾ ಹಿಟ್ಟಿನ ಮೂಟೆಯ ಮೇಲೆ ಕೂತು ಅತ್ತೇ ಬಿಟ್ಟಳು.

ಪಕ್ಕದಲ್ಲಿ ಹೋಳಿಗೆ ಬೇಯಿಸಲು ಕೂತಿದ್ದ ಧಾರವಾಡ ಕಡೆಯ ಶಿವಕ್ಕ ಕೇಳಿದರು: "ಅತ್ತರ ಹಾಳಿ ಮೆತ್ತಗಾಗತಾವೇನು? ಆ ಹಾಳಿ ಹೆಂಗ ಮಾಡ್ತಾರ, ಅದನ್ನ ಹೇಳು."

ಶಶಿಕಲಾಗೆ ಗೋಪೀನಾಥಣ್ಣ ನೆನಪಾದರು. ಹಿಂದೆ ಅವರ ಚೈನೀಸ್ ಹೋಟೆಲಿನಲ್ಲಿ ಅವಳು ತರಕಾರಿ ಹೆಚ್ಚುವ ಕೆಲಸಕ್ಕಿದ್ದಾಗ ಅವರೇ ಹೇಳಿದ್ದರು: "ಚೀನಾದಲ್ಲಿ ಚಳಿ ಕಳೆದು ವಸಂತ ಶುರುವಾದಾಗ, ಹೊಸ ತರಕಾರೀನ ತೆಳು ರೊಟ್ಟೀಲಿ ಸುತ್ತಿ ತಿಂತಿದ್ರಂತೆ. ಕರಿಯೋದು ಆಮೇಲೆ ಬಂದಿದ್ದು. ಆ ರೊಟ್ಟಿ ಲಟ್ಟಿಸಲ್ಲ ಕಣಮ್ಮ. ಮೆತ್ತನೆ ಹಿಟ್ಟನ್ನ ಕೈಲಿ ಹಿಡಿದು, ಕಾದ ಹೆಂಚಿಗೆ ಒತ್ತಿ ಎತ್ಬಿಡೋದು." ಆಗ ಅವಳು ನಕ್ಕಿದ್ದಳು, ಅಂಥ ಹಿಟ್ಟು ಕೈಯಲ್ಲಿ ನಿಲ್ಲುವುದುಂಟೇ ಎಂದು. ಅದನ್ನೆಲ್ಲ ಈಗ ಶಿವಕ್ಕನಿಗೆ ಹೇಳಿದಳು.

"ನಿಲ್ಲತೈತಿ," ಅಂದರು ಶಿವಕ್ಕ. "ನಲವತ್ತು ವರ್ಷ ಕಣಕಾನೇ ನಾದೀನಿ."

ಎಣ್ಣೆ ಹಾಕದ ಕಣಕಕ್ಕೆ ನೀರು ಚಿಮುಕಿಸಿ ಜೋರಾಗಿ ಬಡಿದು, ಮುಷ್ಟಿಯಲ್ಲಿ ಕುಣಿಸುತ್ತಾ ಹೆಂಚಿಗೆ ಒತ್ತಿ ಎತ್ತಿದರು. ಮೊದಲೆರಡು ಹರಿದವು. ಮೂರನೆಯದು ಬಾಳೆಯ ಸುಳಿಯಷ್ಟು ತೆಳ್ಳಗೆ ಎದ್ದು ಬಂತು. ಅವರು ಒತ್ತುತ್ತಾ ಹೋದರು, ಇವಳು ಸುತ್ತುತ್ತಾ, ಮೈದಾ ಗಂಜಿಯಲ್ಲಿ ಅಂಚು ಅಂಟಿಸುತ್ತಾ ಹೋದಳು. ಎಣ್ಣೆಯಲ್ಲಿ ಒಂದೂ ಬಿಚ್ಚಲಿಲ್ಲ.

ಗುರುಬಸಪ್ಪ ಒಂದು ತಿಂದರು, ಇನ್ನೊಂದು ತೆಗೆದುಕೊಂಡರು. "ಭಾನುವಾರ ರಾಜಾಜಿನಗರದಲ್ಲಿ ರಿಸೆಪ್ಷನ್ ಇದೆ, ಬನ್ನಿ. ಹಾಳೆ ಯಾವ ಕಂಪನೀದು?"

"ಶಿವಕ್ಕಂದು ಸಾರ್. ಅವ್ರಿಲ್ದೆ ನಾನು ಬರಲ್ಲ."

ಗುರುಬಸಪ್ಪ ಆಗಲಿ ಎಂದು ಹೋದ ಮೇಲೆ ಶಶಿಕಲಾ ಶಿವಕ್ಕನ ಕಾಲಿಗೆ ಬಿದ್ದಳು. ಅವರು ಹಿಟ್ಟಿನ ಕೈಯಲ್ಲೇ ಎಬ್ಬಿಸಿದರು. "ನಾ ಒತ್ತಿದ್ದು ಅಷ್ಟ. ದಾರಿ ತೋರಿಸ್ದಾಂವಗ ಫೋನ್ ಹಚ್ಚು."

ಫೋನೆತ್ತಿದ ಗೋಪೀನಾಥ, "ಏನಮ್ಮಾ, ಇಷ್ಟು ದಿನ ಆದ್ಮೇಲೆ?" ಎಂದರು.

"ಅವತ್ತು ನಕ್ಕಿದ್ದೆ ಅಣ್ಣ. ಇವತ್ತು ನಿಮ್ಮ ಮಾತೇ ನನ್ನನ್ನ ಉಳಿಸ್ತು," ಅಂದಳು. ಫೋನನ್ನು ರೋಲುಗಳು ಚುರ್ರೆಂದು ಬೇಯುತ್ತಿದ್ದ ಬಾಣಲೆಯ ಹತ್ತಿರ ಹಿಡಿದಳು.

ಎಣ್ಣೆಯ ಸದ್ದು ಕೇಳಿಸಿಕೊಂಡು ಅವರೆಂದರು: "ಈಗ ತಿರುವಿ ಹಾಕಮ್ಮ."