ಎರಾಸ್ಮೊನ ಆರದ ದೀಪ

ನಮ್ಮ ಬಡಾವಣೆಯಲ್ಲಿ ಕರೆಂಟು ಹೋದರೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಬಂದರೆ ಮಾತ್ರ ಬೀದಿಗೆ ಬೀದಿಯೇ ಹೋ ಎಂದು ಕೂಗುತ್ತದೆ. ಮೋಕಾ ಊರಿನ ಈ ಅಂಚಿನಲ್ಲಿ ಆ ಕೂಗಿಗೆ ದನಿಗೂಡಿಸದವನು ಎರಾಸ್ಮೊ ಒಬ್ಬನೇ. ಕಾಳಗದ ಹುಂಜ ಸಾಕುವ ಅವನು ಈ ವರ್ಷ ಇನ್ವರ್ಟರ್ ಹಾಕಿಸಿದ್ದ, ಅದೂ ಮರಿಗಳಿಗಾಗಿ. ಅವನಪ್ಪನ ಕಾಲದ ತಳಿ ಆ ಒಂದೇ ಗುಂಪು ಮರಿಗಳಲ್ಲಿ ಉಳಿದಿತ್ತು. ಬೆಳಕಿದ್ದರೆ ಮರಿ ಮೇಯುತ್ತಲೇ ಇರುತ್ತದೆ, ಬೇಗ ಬಲಿಯುತ್ತದೆ, ಇಲಿಯೂ ಸುಳಿಯುವುದಿಲ್ಲ ಎಂಬುದು ಅವನ ಸಿದ್ಧಾಂತ. ಹೀಗಾಗಿ ಅವನ ಹಿತ್ತಲ ಕೋಣೆಯ ಬಲ್ಬು ಮೊಟ್ಟೆಯೊಡೆದ ದಿನದಿಂದ ಕಣ್ಣು ಮುಚ್ಚಿರಲಿಲ್ಲ.

ಒಂದು ಬೆಳಿಗ್ಗೆ ನನ್ನನ್ನು ಕರೆದ. ಅವನ ಪುಟ್ಟ ಮಗಳಿಗೆ ಚರ್ಚಿನಲ್ಲಿ ಜ್ಞಾನತಂದೆಯಾಗಿ ನಿಂತವನು ನಾನು, ಹಾಗಾಗಿ ಅವನಿಗೆ ‘ಕಂಪಾದ್ರೆ’, ಕರೆದರೆ ಹೋಗಲೇಬೇಕು.

“ನೋಡು ಕಂಪಾದ್ರೆ. ನಗಬೇಡ.”

ನಗುವಂಥದ್ದೇನೂ ಇರಲಿಲ್ಲ. ಮರಿಗಳ ಕಣ್ಣು ಊದಿ ತಲೆಗಿಂತ ಮುಂದೆ ಬಂದಿದ್ದವು. ಕಾಳಿಗೆ ಕೊಕ್ಕು ಹಾಕಿದರೆ ಪಕ್ಕದ ನೆಲಕ್ಕೆ ಬೀಳುತ್ತಿತ್ತು. ನಾನು ಬೆರಳಾಡಿಸಿದೆ, ಒಂದೂ ಬೆದರಲಿಲ್ಲ.

“ಕಣ್ಣು ಬಿದ್ದಿದೆ,” ಎಂದಳು ಅವನ ಹೆಂಡತಿ ನೆರೇದಾ, ಮಗುವನ್ನು ಎದೆಗವಚಿಕೊಂಡು. “ನಮ್ಮ ಬೀದಿಯ ಆ ಕ್ಲೋದಿಲ್ದಾ ಬಂದು ಮರಿ ಎಷ್ಟು ಚೆಂದ ಅಂದ್ಲು. ದೇವರು ಹರಸಲಿ ಅನ್ನಲಿಲ್ಲ. ಅದೇ ಬಾಯಲ್ಲಿ ನನ್ನ ಮಗೂನ ಕಣ್ಣೂ ಚೆಂದ ಅಂದ್ಲು.”

ಹರಸದೆ ಹೊಗಳುವುದು ನಮ್ಮಲ್ಲಿ ಕಲ್ಲೆಸೆದಷ್ಟೇ ತಪ್ಪು. ಮೇಲಾಗಿ ಮಗುವಿನ ಕೈಯ ಕಪ್ಪುಮಣಿಯ ದಾರ ಅದೇ ವಾರ ಹರಿದಿತ್ತು. ಮೊದಲು ಮರಿಗಳು, ಆಮೇಲೆ ಮಗು. ನೆರೇದಾಳ ಭಯ ಅದೇ.

ಕಣ್ಣು ಕಾಯುವವಳು ಸಂತ ಲೂಸಿಯಾ. ತಟ್ಟೆಯಲ್ಲಿ ತನ್ನೆರಡು ಕಣ್ಣುಗಳನ್ನು ಹಿಡಿದು ನಿಂತ ಅವಳ ಪಟವನ್ನು ಗೋಡೆಗೆ ಹಾಕಿದರು. ಅವಳ ಮುಂದೆ ಇನ್ನೊಂದು ದೊಡ್ಡ ಬಲ್ಬು ಹಚ್ಚಿದರು. ತೊಟ್ಟಿಲ ಮೇಲೂ ಒಂದು. ಇನ್ವರ್ಟರ್ ಜೇನುಗೂಡಿನಂತೆ ಗುಂಯ್ಗುಟ್ಟಿತು. ಕೆಲವೇ ದಿನಗಳಲ್ಲಿ ಮರಿಗಳ ಕಣ್ಣು ಇನ್ನಷ್ಟು ಉಬ್ಬಿದವು. ಮಗುವಿನ ಕಣ್ಣಲ್ಲಿ ನೀರು ಸುರಿಯತೊಡಗಿತು.

ಆ ಸಂಜೆ ಎರಾಸ್ಮೊ ಮಚ್ಚು ತೆಗೆದುಕೊಂಡು ಹೊರಟ. ಹಿಂದೆ ಮಗುವಿನೊಂದಿಗೆ ನೆರೇದಾ, ಅವಳ ಹಿಂದೆ ನಾನು. ಕರೆಂಟು ಹೋಗಿತ್ತು. ಮುದುಕಿ ಕ್ಲೋದಿಲ್ದಾ ಬಾಗಿಲಲ್ಲಿ ಬುಟ್ಟಿಯೊಂದಕ್ಕೆ ಗೋಣಿ ಹೊದಿಸುತ್ತಿದ್ದಳು.

“ಏನೋ, ಕಾಫಿಗೆ ಮಚ್ಚು ಹಿಡ್ಕೊಂಡು ಬಂದಿದೀಯ? ಸಕ್ಕರೆ ಅಷ್ಟು ಗಟ್ಟಿಯಾಗಿಲ್ಲ.”

“ಹಾಕಿದ್ದನ್ನ ತೆಗಿ, ದೋನ್ಯಾ ಕ್ಲೋದಿಲ್ದಾ. ತೆಗೀದಿದ್ರೆ...”

“ಏನು ಹಾಕಿದೀನಿ?”

“ನನ್ನ ಮಗೂ ಮೇಲೆ ಕಣ್ಣು!” ನೆರೇದಾ ಕಿರುಚಿದಳು.

ಆ ಸದ್ದಿಗೆ ಗೋಣಿಯಡಿಯಿಂದ ಮರಿಯೊಂದು ಹೊರಬಂತು. ಅದೇ ಗುಂಪಿನ ಕುಂಟು ಮರಿ, ಕಾಳಗಕ್ಕೆ ಬಾರದೆಂದು ಅದು ಹುಟ್ಟಿದ ದಿನವೇ ಎರಾಸ್ಮೊ ಇವಳಿಗೆ ಕೊಟ್ಟಿದ್ದ. ಅದರ ಕಣ್ಣು ಮೆಣಸಿನ ಕಾಳಿನಷ್ಟು, ಚುರುಕು. ಮಚ್ಚು ಅಲುಗಿದತ್ತ ತಲೆ ತಿರುಗಿಸಿ, ಬೆದರಿ, ಮುದುಕಿಯ ಲಂಗದಡಿಗೆ ನುಗ್ಗಿತು.

ಎರಾಸ್ಮೊ ಬಹಳ ಹೊತ್ತು ಅದನ್ನೇ ನೋಡಿದ. “ಇದಕ್ಕೇನು ಹಾಕ್ತೀಯ?”

“ನೀ ಹಾಕೋದೇ. ಜೋಳ, ನೀರು.”

“ದೀಪ?”

“ಈ ಬೀದೀಲಿ ದೀಪ ಇರೋದು ನಿನ್ನ ಮನೇಲಿ ಮಾತ್ರ ಕಣೋ, ರಾಜ. ಕತ್ತಲಾದ್ರೆ ಇದೂ ಮಲಗ್ತದೆ, ನಾನೂ ಮಲಗ್ತೀನಿ. ಅಂದಹಾಗೆ, ನಿನ್ನವು ಮಲಗೋದು ಯಾವಾಗ?”

ನಾವೆಲ್ಲ ತಿರುಗಿ ನೋಡಿದೆವು. ಕಪ್ಪು ಬೀದಿಯ ತುದಿಯಲ್ಲಿ ಅವನ ಮನೆಯೊಂದೇ, ಮುಚ್ಚಲು ಬಾರದ ಕಣ್ಣಿನಂತೆ, ಉರಿಯುತ್ತಿತ್ತು. ನೆರೇದಾ ಮಗುವಿನ ಮುಖವನ್ನು ಭುಜಕ್ಕೊತ್ತಿಕೊಂಡು ಓಡಿದಳು.

ನಾವು ತಲುಪುವಷ್ಟರಲ್ಲಿ ವೈರು ಕಿತ್ತು ಹಾಕಿದ್ದಳು. ಹುಟ್ಟಿದಂದಿನಿಂದ ಕತ್ತಲು ಕಾಣದ ಮರಿಗಳು ಪ್ರಾಣ ಹೋದಂತೆ ಚೀರಿದವು. ಆಮೇಲೆ ಒಮ್ಮೆಲೇ ಸದ್ದಡಗಿತು.

“ಸತ್ತುಹೋದ್ವೇನೋ?” ಎರಾಸ್ಮೊ ಪಿಸುಗುಟ್ಟಿದ.

“ನಿದ್ದೆ ಇರಬೇಕು,” ಎಂದೆ, ನನಗೇ ನಂಬಿಕೆಯಿಲ್ಲದೆ.

ಬೆಳಗ್ಗೆ ಮರಿಗಳು ಬದುಕಿದ್ದವು. ನಾನು ಬೆರಳಾಡಿಸಿದಾಗ ಎರಡು ಮರಿ ತಲೆ ಎತ್ತಿದವು. ಉಳಿದವು ಇನ್ನೂ ಕಾಳು ತಪ್ಪಿ ನೆಲ ಕುಕ್ಕುತ್ತಿದ್ದವು. ನೆರೇದಾ ಕೆಂಪು ರಿಬ್ಬನ್ ಹಿಡಿದು ತೊಟ್ಟಿಲ ಮೇಲೆ ಎಡಕ್ಕೆ, ಬಲಕ್ಕೆ ಆಡಿಸಿದಳು. ಮಗುವಿನ ಕಣ್ಣು ಹಿಂಬಾಲಿಸಿದವು. ಮತ್ತೆ ಆಡಿಸಿದಳು. ಅವಳ ಕೈ ನಿಲ್ಲುತ್ತಲೇ ಇರಲಿಲ್ಲ.

ಮರುಸಂಜೆ ಕರೆಂಟು ಬಂತು. ಬೀದಿಗೆ ಬೀದಿಯೇ ಹೋ ಎಂದು ಕೂಗಿತು. ನೆರೇದಾ ಬೆಚ್ಚಿಬಿದ್ದು ಮಗುವಿನ ಕಣ್ಣನ್ನು ಅಂಗೈಯಿಂದ ಮುಚ್ಚಿದಳು.