ಪಾನ್ ಬಾಯಿ, ಕೋಟೆ ಮಣ್ಣು

ಬೀದರಿನ ಮುಜೀಬೋದ್ದೀನ ಚಾಚಾ ಮನೆಗೆ ಹದಿನೆಂಟು ಬಿದರಿ ಡಬ್ಬಿಗಳು ವಾಪಸ್ ಬಂದವು. ಬೆಳ್ಳಿಯ ಹೂಬಳ್ಳಿ ಚೆನ್ನಾಗಿತ್ತು. ಆದರೆ ಕಪ್ಪಗೆ ಹೊಳೆಯಬೇಕಾದ ಡಬ್ಬಿಯ ಮೈ ಬೂದಿ ಬಣ್ಣಕ್ಕೆ ತಿರುಗಿತ್ತು. ಇನ್ನೊಮ್ಮೆ ಹೀಗಾದರೆ ಬೇರೆಯವರನ್ನು ನೋಡಿಕೊಳ್ಳುತ್ತೇನೆ ಎಂದು ಭಾಲ್ಕಿಯ ಅಂಗಡಿಯ ಚಂದ್ರಕಾಂತ ಸೇಠರು ಹೇಳಿ ಕಳಿಸಿದ್ದರು. ಚಾಚಾ ಮನೆಯ ಒಲೆ ಉರಿಯುವುದೇ ಆ ಅಂಗಡಿಯಿಂದ.

ಬಿದರಿಗೆ ಕಪ್ಪು ಬಣ್ಣ ಕೊಡುವುದು ಹಳೆ ಕೋಟೆಯ ಮಣ್ಣು. ಅದನ್ನು ನವಸಾಗರದ ಉಪ್ಪಿನ ಜೊತೆ ನೀರಲ್ಲಿ ಕುದಿಸಿ ಡಬ್ಬಿ ಅದ್ದುತ್ತಾರೆ. ಯಾವ ಮಣ್ಣು ಒಳ್ಳೆಯದೆಂದು ಚಾಚಾ ನಾಲಿಗೆಗೆ ಹಚ್ಚಿಕೊಂಡು ಹೇಳುತ್ತಾರೆ. ಉಪ್ಪುಪ್ಪಾಗಿದ್ದರೆ ಒಳ್ಳೆಯದು, ಸಪ್ಪಗಿದ್ದರೆ ಕೆಲಸಕ್ಕೆ ಬಾರದು. ನಲವತ್ತು ವರ್ಷ ಪಳಗಿದ ನಾಲಿಗೆ. ಅದನ್ನು ಅನುಮಾನಿಸಿದವರಿಗೆ ಆ ಮನೆಯಲ್ಲಿ ಚಹಾ ಸಿಗುವುದಿಲ್ಲ.

ಪಕ್ಕದ ಮನೆಯ ನಸ್ರೀನ ಅನುಮಾನಿಸಿಯೇ ಬಿಟ್ಟಳು. ಸ್ವಸಹಾಯ ಸಂಘದಿಂದ ಗುಣಮಟ್ಟ ಕಾಪಾಡುವ ತರಬೇತಿ ಮುಗಿಸಿ ಬಂದವಳು. ಪ್ರತಿ ಹಂತವನ್ನೂ ಬರೆದಿಟ್ಟರೆ ತಪ್ಪು ಎಲ್ಲಿದೆ ಎಂದು ಗೊತ್ತಾಗುತ್ತದೆ ಎಂದಳು.

"ಬರೆದ್ರ ಡಬ್ಬಿ ಕಪ್ಪಾಗ್ತದೇನು ಬೇಟಿ?" ಎಂದು ಚಾಚಾ ನಕ್ಕರು. ಅವರ ಹೆಂಡತಿ ಗೌಹರ ಚಾಚಿ ಮಾತ್ರ ಪೆನ್ನು ಹಿಡಿದರು.

ನಸ್ರೀನ ಕೊಟ್ಟ ಹಾಳೆಯಲ್ಲಿ ಹದಿನಾಲ್ಕು ಕಾಲಂ. ಬರೆಯುವುದರಲ್ಲೇ ಹೊತ್ತು ಹೋಗಿ, ವಾರಕ್ಕೆ ಹನ್ನೆರಡಾಗುತ್ತಿದ್ದ ಡಬ್ಬಿ ಏಳಕ್ಕಿಳಿದವು. ಚಾಚಾ ಹಾಳೆಯನ್ನು ಒಲೆಗೆ ಹಾಕಲು ಎದ್ದರು. ಅವರ ಸಿಟ್ಟಿನಲ್ಲೂ ನ್ಯಾಯವಿತ್ತು.

ಚಾಚಿ ತಡೆದರು. ಈ ವಾರ ಬೂದಿ ಬಣ್ಣ ಬಂದವೆಲ್ಲ ಮಧ್ಯಾಹ್ನ ಮಣ್ಣು ನೋಡಿದ ದಿನದವು ಎಂದು ಹಾಳೆ ತೋರಿಸಿದರು.

"ಊಟ ಆದ್ಮ್ಯಾಗ ನೀವು ಪಾನ್ ಹಾಕ್ತೀರಿ. ಅದೇ ಬಾಯಾಗ ಮಣ್ಣಿನ ರುಚಿ ಹ್ಯಾಂಗ ತಿಳೀತದ್ರಿ?"

ಚಾಚಾ ಬಾಯಿ ಮುಕ್ಕಳಿಸಿ ಬಂದು, ಮಧ್ಯಾಹ್ನ ತಾವೇ ಒಪ್ಪಿಟ್ಟಿದ್ದ ಚೀಲದ ಮಣ್ಣನ್ನು ನಾಲಿಗೆಗೆ ಹಚ್ಚಿಕೊಂಡರು. "ಸಪ್ಪಗದ," ಎಂದರು. ನಾಚಿಕೆಯಾಯಿತು, ಎದೆಯೂ ಹಗುರಾಯಿತು.

"ನಂದೂ ತಪ್ಪು ಅದ ಚಾಚಾ. ಅತಿಯಾದ್ರ ಅಮೃತನೂ ವಿಷ," ಎಂದು ನಸ್ರೀನ ಹನ್ನೆರಡು ಕಾಲಂ ಹೊಡೆದು ಹಾಕಿದಳು. ಉಳಿದದ್ದು ಎರಡೇ: ಮಣ್ಣು ನೋಡಿದ್ದು ಯಾವಾಗ, ಡಬ್ಬಿಗೂ ಮೊದಲು ಅದ್ದಿ ನೋಡಿದ ಲೋಹದ ಚೂರಿನ ಬಣ್ಣ ಹೇಗಿದೆ.

ಮುಂದಿನ ಹದಿನೆಂಟು ಡಬ್ಬಿ ಭಾಲ್ಕಿಗೆ ಹೋದವು. ಒಂದೂ ವಾಪಸ್ ಬರಲಿಲ್ಲ. ಇನ್ನೂ ಮೂವತ್ತು ಬೇಕೆಂದು ಸೇಠರ ಫೋನ್ ಬಂತು.

ಅಕ್ಕಂದಿರೇ, ಅಣ್ಣಂದಿರೇ, ನೀವು ರೊಟ್ಟಿ ಬಡಿಯುವವರಿರಲಿ, ಬಟ್ಟೆ ಹೊಲಿಯುವವರಿರಲಿ, ಸರಕು ವಾಪಸ್ ಬಂದರೆ ಗಿರಾಕಿಯನ್ನು ಬೈಯುವ ಮೊದಲು ಒಂದು ವಾರ ಬರೆದು ನೋಡಿ. ತಪ್ಪು ಸಿಕ್ಕ ಮೇಲೆ ಬೇಡದ ಬರವಣಿಗೆ ಬಿಟ್ಟುಬಿಡಿ. ನಿಮ್ಮ ಕೈಗುಣವನ್ನು ಯಾರೂ ಕಸಿಯುವುದಿಲ್ಲ. ಚಾಚಾ ಇಂದಿಗೂ ಮಣ್ಣನ್ನು ನಾಲಿಗೆಯಿಂದಲೇ ನೋಡುತ್ತಾರೆ, ಬಾಯಿ ತೊಳೆದುಕೊಂಡು.