ಬೆಡ್‌ಶೀಟಿನ ಆ ತುದಿ

ಆರೋಗ್ಯ ಸೇವೆಯಲ್ಲಿ ಯಾವುದಕ್ಕೆ ಮೊದಲ ಆದ್ಯತೆ ಎಂದು ಗೊತ್ತುಮಾಡುವ ಸಮಿತಿ ಆಸ್ಪತ್ರೆಗೆ ಬಂದಿತ್ತು. ಏಳು ಜನ ಮಹಾನುಭಾವರು. ಹುಟ್ಟಿದಾಗಿನಿಂದ ಒಬ್ಬರೂ ಒಂದು ಬೆಡ್‌ಪ್ಯಾನು ಎತ್ತಿದವರಲ್ಲ ಎಂಬುದು ಹೆಂಗಸರ ವಾರ್ಡಿನ ದೊಡ್ಡ ಸಿಸ್ಟರಿಗೆ ಅವರ ಬೂಟಿನ ಹೊಳಪು ನೋಡಿಯೇ ಗೊತ್ತಾಯಿತು. ಇರಲಿ, ಬಂದಿದ್ದಾರಲ್ಲ. ಅವಳಿಗೆ ಬೇಕಾಗಿದ್ದುದು ಒಂದೇ: ಈ ತಿಂಗಳಿಗೆ ಗುತ್ತಿಗೆ ಮುಗಿಯುವ ಸಣ್ಣ ಸಿಸ್ಟರನ್ನು ಉಳಿಸಿಕೊಡಬೇಕು. ನಲವತ್ತು ಹಾಸಿಗೆಗೆ ಇದ್ದವರೇ ಇಬ್ಬರು.

ಒಂಬತ್ತನೇ ಹಾಸಿಗೆಯ ಅಜ್ಜಿಗೆ ಸೊಂಟದ ಕೆಳಗೆ ಸ್ವಾಧೀನವಿಲ್ಲ. ಮಲಗಿ ಮಲಗಿ ಬೆನ್ನಿಗೆ ಆಗಿದ್ದ ಹುಣ್ಣು ಈಗಷ್ಟೇ ಮಾಯುತ್ತಿತ್ತು. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ಮೈಕೆಳಗಿನ ಬೆಡ್‌ಶೀಟನ್ನು ಈ ತುದಿಯಲ್ಲೊಬ್ಬರು, ಆ ತುದಿಯಲ್ಲೊಬ್ಬರು ಹಿಡಿದು ಎತ್ತಬೇಕು. ಒಬ್ಬರೇ ಎಳೆದರೆ ಹೊಸ ಚರ್ಮ ಕಿತ್ತು ಬರುತ್ತದೆ.

ಹನ್ನೊಂದು ಹೊಡೆಯಿತು. ಸಣ್ಣ ಸಿಸ್ಟರ್ ಇಲ್ಲ! ಸಮಿತಿಗೆ ನೀರಿನ ಬಾಟಲಿ ಹಂಚಲು ಅವಳನ್ನು ಕರೆದೊಯ್ದಿದ್ದರಂತೆ. ಅಬ್ಬಬ್ಬಾ, ಏಳು ಜನಕ್ಕೊಬ್ಬ ನರ್ಸು! ಇಂಥ ಭಾಗ್ಯ ಯಾವ ರೋಗಿಗಿದೆ? ದೊಡ್ಡ ಸಿಸ್ಟರ್ ನೇರ ಸಭೆಗೆ ನುಗ್ಗಿದಳು.

"ನರ್ಸುಗಳೇ ನಮ್ಮ ಮೊದಲ ಆದ್ಯತೆ" ಎಂದು ಅಧ್ಯಕ್ಷರು ಕ್ಯಾಮರಾದ ಮುಂದೆ ಹೇಳುತ್ತಿದ್ದರು.

"ಸಾರ್, ನಮ್ಮ ಹುಡುಗಿನ ಕಳಿಸಿ. ಅಜ್ಜಿ ಮಗ್ಗುಲು ಬದಲಿಸ್ಬೇಕು."

"ಸ್ವಲ್ಪ ಇರಮ್ಮ, ಇನ್ನೂ ಕಾಫಿ ಕೊಡೋದಿದೆ."

"ಹಾಗಿದ್ರೆ ನೀವೇ ಬನ್ನಿ. ಎರಡು ಕೈ ಇದ್ರೆ ಸಾಕು."

ಕ್ಯಾಮರಾ ಅವರತ್ತಲೇ ತಿರುಗಿತ್ತು. ಅಧ್ಯಕ್ಷರು ಹಲ್ಲು ಕಿರಿದು ಎದ್ದು, ವಾರ್ಡಿಗೆ ಬಂದು ಬೆಡ್‌ಶೀಟಿನ ಆ ತುದಿ ಹಿಡಿದರು; ಕ್ಯಾಮರಾವೂ ಹಿಂದೆಯೇ ಬಂತು.

"ಎಳೀಬೇಡಿ ಸಾರ್, ಎತ್ತಿ. ಒಂದು, ಎರಡು, ಹಾಂ!"

ಅಜ್ಜಿ ಅತ್ತ ಹೊರಳಿ ಒಂದೇ ಕಣ್ಣಲ್ಲಿ ಅವರನ್ನು ಅಳೆದಳು. "ಹೊಸ ಹುಡುಗನಾ? ಹಿಡಿಯೋಕೂ ಬರಲ್ಲ. ಪರವಾಗಿಲ್ಲ ಬಿಡು, ಕಲೀತಾನೆ."

ಅಧ್ಯಕ್ಷರ ಹಣೆಯಲ್ಲಿ ಬೆವರು. "ಇದು ದಿನಾ ಇರುತ್ತಾ?"

"ದಿನಕ್ಕೆ ಹನ್ನೆರಡು ಸಲ. ಒಬ್ಬರ ಕೈಲಿ ಆಗೋದಲ್ಲ ಸಾರ್."

"ಅರ್ಥ ಆಯ್ತಮ್ಮ, ಚೆನ್ನಾಗಿ ಅರ್ಥ ಆಯ್ತು."

ದೊಡ್ಡ ಸಿಸ್ಟರ್ ನಂಬಿದಳು. ಇಪ್ಪತ್ತೆರಡು ವರ್ಷ ಸರ್ವೀಸಾದರೂ ಬುದ್ಧಿ ಬರಲಿಲ್ಲ ನೋಡಿ! "ನಿನ್ನ ಕೆಲಸ ಉಳೀತು ಕಣೇ" ಎಂದು ಸಣ್ಣ ಸಿಸ್ಟರಿನ ಬೆನ್ನು ತಟ್ಟಿದಳು.

ತಿಂಗಳ ಕೊನೆಗೆ ವರದಿ ಬಂತು. ನುಣುಪು ಕಾಗದ, ಮುಖಪುಟದಲ್ಲಿ ಬೆಡ್‌ಶೀಟು ಹಿಡಿದು ನಗುತ್ತಿರುವ ಅಧ್ಯಕ್ಷರು. ಒಳಗೆ ಹೀಗಿತ್ತು: "ರೋಗಿಯ ಮಗ್ಗುಲು ಬದಲಿಸುವಾಗ ಎರಡನೆಯವರಿಗೆ ಯಾವ ತರಬೇತಿಯೂ ಬೇಕಿಲ್ಲವೆಂದು ಮಾನ್ಯ ಅಧ್ಯಕ್ಷರೇ ಖುದ್ದಾಗಿ ತೋರಿಸಿಕೊಟ್ಟಿದ್ದಾರೆ. ನೋಡಲು ಬಂದವರ ನೆರವು ಪಡೆಯತಕ್ಕದ್ದು. ಎರಡನೇ ನರ್ಸಿನ ಹುದ್ದೆ ಅನಗತ್ಯ."

ಥೂ, ಇವರ ಬುದ್ಧಿಗಿಷ್ಟು!

ಮರುದಿನ ಸಣ್ಣ ಸಿಸ್ಟರ್ ಇರಲಿಲ್ಲ. ಅಜ್ಜಿಯನ್ನು ನೋಡಲು ಯಾರೂ ಬರುತ್ತಿರಲಿಲ್ಲ, ಎಂದೂ ಬಂದಿರಲಿಲ್ಲ. ಹನ್ನೊಂದಕ್ಕೆ ದೊಡ್ಡ ಸಿಸ್ಟರ್ ವರದಿಯ ಹಿಂಬದಿಯಲ್ಲಿದ್ದ ನಂಬರಿಗೆ ಫೋನು ಮಾಡಿದಳು.

"ಹೆಂಗಸರ ವಾರ್ಡಿಂದ. ನಿಮ್ಮ ಅಧ್ಯಕ್ಷರನ್ನ ಕಳಿಸಿ, ಹೊತ್ತಾಯ್ತು. ಮತ್ತೆ ಒಂದು ಗಂಟೆಗೆ ಬರಬೇಕು, ಮೂರಕ್ಕೂ."

ಆ ಕಡೆಯವರು ಫೋನು ಕುಕ್ಕಿದರು.

ಅವಳು ಒಬ್ಬಳೇ ಬೆಡ್‌ಶೀಟು ಹಿಡಿದಳು. ಎಷ್ಟು ನಿಧಾನಕ್ಕೆ ಎಳೆದರೂ ಬಟ್ಟೆಗೆ ರಕ್ತ ಅಂಟಿತು. ಅಜ್ಜಿ ಹಲ್ಲು ಕಚ್ಚಿ ನೋವು ನುಂಗಿದಳು. ಉಸಿರು ತಿರುಗಿದ ಮೇಲೆ ಕೇಳಿದಳು:

"ಆ ಹೊಸ ಹುಡುಗ ಇವತ್ತು ಬರಲಿಲ್ವೇನಮ್ಮ?"

"ಇಲ್ಲ ಅಜ್ಜಿ. ಅವನು ಕೆಲಸ ಕಲ್ತುಬಿಟ್ಟ."